ಬೆಳಗಿದ ಕಾಲಾಣೆ

ಕೆ. ಹೊಸಕೋಟೆ,
ಮಂಗಳವಾರ

ಆಲೂರಿನ ನಾಣ್ಯ ಪ್ರದರ್ಶನದ ತೀರ್ಪುಗಾರರಾದ ಶ್ರೀನಾಥ್ ಅವರಿಗೆ ಜಗದಾಂಬಳ ನಮಸ್ಕಾರ.

ನಾನು ಕೂಡಿಟ್ಟ ಬ್ರಿಟಿಷರ ಕಾಲದ ಕಂಚಿನ ಕಾಸುಗಳಲ್ಲಿ ನಲವತ್ತನ್ನು ಮೆಚ್ಚಿ ಇಟ್ಟುಕೊಂಡಿರಿ. ಒಂದು ಕಾಲಾಣೆಯನ್ನು ಮಾತ್ರ "ಉಜ್ಜಿ ಹಾಳು ಮಾಡಿದ್ದೀರಿ" ಎಂದು ವಾಪಸ್ ಕಳಿಸಿದಿರಿ. ಹಳೇ ಕಾಸಿನ ಕಪ್ಪು ತೆಗೆಯಬಾರದು ಅನ್ನೋದು ನನಗೂ ಗೊತ್ತು ಸಾರ್. ಉಳಿದವಕ್ಕೆ ನಾನು ನೀರೂ ಮುಟ್ಟಿಸಿಲ್ಲ.

ಇದನ್ನು ಉಜ್ಜಿದವರು ತೀರಿಕೊಂಡ ನಮ್ಮತ್ತೆ, ಹಾಲಮ್ಮ. ಹೆಗ್ಗದ್ದೆಯಿಂದ ಮದುವೆಯಾಗಿ ಬರುವಾಗ ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಂದ ಕಾಸು ಇದು. ಅರವತ್ತು ವರ್ಷ, ಪ್ರತಿ ಸೋಮವಾರ, ದೀಪದ ಜೊತೆ ಇದನ್ನೂ ಹುಣಸೆಹಣ್ಣು ಹಾಕಿ ಬೆಳಗಿದರು. "ದೇವರ ಮುಂದೆ ಇಡೋದು ಕಣೇ, ಮಂಕಾಗಿರಬಾರದು" ಅನ್ನೋರು. ಅವರ ಹೆಬ್ಬೆರಳಿಗೆ ರಾಜನ ಮೂಗು, ಕಿರೀಟ ಎಲ್ಲಾ ಸವೆದುಹೋದವು. ನನ್ನ ಸಂಗ್ರಹ ಶುರುವಾಗಿದ್ದೇ ಇದರಿಂದ.

ಶುಕ್ರವಾರ ಮೊದಲನೇ ಬಸ್ಸಿಗೆ ನಾನೇ ತರುತ್ತೇನೆ, ಆ ನಲವತ್ತರ ನಡುವೆ ಇದಕ್ಕೊಂದು ಜಾಗ ಬಿಟ್ಟಿಡಿ. ಆಗಲ್ಲ ಅಂದರೆ ಉಳಿದ ನಲವತ್ತನ್ನೂ ಕಟ್ಟಿಡಿ, ಎತ್ತಿಕೊಂಡು ಬರುತ್ತೇನೆ.

ಕಾಸಿನ ಕೆಳಗಿಡುವ ಚೀಟಿಯಲ್ಲಿ ಯಾವ ರಾಜನ ಕಾಲದ್ದು ಅಂತ ಬರೆಯೋದು ಬೇಡ, ಅವನ ಮುಖವೇ ಇಲ್ಲವಲ್ಲ. "ಹಾಲಮ್ಮನ ಕಾಲದ್ದು" ಅಂತ ಬರೆಯಿರಿ.

ಇಂತಿ,
ಅವರ ಸೊಸೆ
ಜಗದಾಂಬ