ಗುಡ್ಡದ ತುದಿಯ ಗೋಡೆ

ಆಚೆ ಊರಿನ ಯಜಮಾನರಿಗೆ, ಈಚೆ ಊರಿನ ಸೂಲಗಿತ್ತಿಯ ಮಗಳ ನಮಸ್ಕಾರ.

ನಿಮ್ಮ ಸೊಸೆ, ಮೊಮ್ಮಗು ಕ್ಷೇಮವೆಂದು ನಂಬಿದ್ದೇನೆ. ನಿನ್ನೆ ಹೆರಿಗೆ ಮುಗಿಸಿ ಹಿಂದಿರುಗುವಾಗ ಅಮ್ಮ ಬಂಡೆಯಿಂದ ಜಾರಿ ಬಿದ್ದು ತೀರಿಕೊಂಡಳು. ಎರಡೂರಿಗೂ ನೀರಿನ ಜಗಳವಾದ ಮೇಲೆ ಗುಡ್ಡದ ತುದಿಯ ದಾರಿಗೆ ಅಡ್ಡಲಾಗಿ ನೀವು ಆಳೆತ್ತರದ ಗೋಡೆ ಕಟ್ಟಿಸಿದ್ದರಿಂದ, ಅವಳು ಬಂಡೆಯ ಅಂಚು ಹಿಡಿದೇ ಬರಬೇಕಾಯಿತು.

ನಿಮ್ಮವರು ಕರೆಯಲು ಬಂದಾಗ ನಾನು, "ಬೇಡಮ್ಮಾ, ಗೋಡೆ ಕಟ್ಟಿದೋರೇ ಹೆರಿಗೇನೂ ಮಾಡಿಸ್ಕೊಳ್ಳಲಿ" ಅಂದಿದ್ದೆ.

"ಹೊಟ್ಟೇಲಿರೋ ಕೂಸು ಯಾವ ನೀರಿಗೆ ಜಗಳ ಆಡಿತ್ತೇ?" ಎಂದು ನಕ್ಕು, ಚೀಲ ಹೆಗಲಿಗೇರಿಸಿ ಹೊರಟಳು.

ದೇಹ ನಿಮ್ಮ ಕಡೆಯ ಇಳಿಜಾರಿನಲ್ಲಿದೆ. ಕುರಿ ಕಾಯುವವನು ಕಂಡು ಬಂದು ಹೇಳಿದ. ಅವನ ಕೈಯಲ್ಲೇ ಈ ಪತ್ರ ಕಳಿಸುತ್ತಿದ್ದೇನೆ. ಬಂಡೆಯ ಅಂಚಿನಲ್ಲಿ ಒಬ್ಬರು ನಡೆಯಬಹುದು, ಹೊರಲು ನಾಲ್ವರು ಬೇಕು. ದಯವಿಟ್ಟು ಇವತ್ತು ಸಂಜೆಯೊಳಗೆ ಒಂದು ಚಟ್ಟ ಹಾಯುವಷ್ಟು ಗೋಡೆ ಬಿಚ್ಚಿಸಿ. ಆಮೇಲೆ ಕಟ್ಟಿಕೊಳ್ಳುವುದು ನಿಮಗೆ ಬಿಟ್ಟದ್ದು.

ಮಗುವಿನ ಹೊಕ್ಕುಳು ಒಣಗುವವರೆಗೆ ನೀರು ತಾಗಿಸಬೇಡಿ. ಅಮ್ಮ ಇದ್ದಿದ್ದರೆ ನೋಡಲು ನಾಳೆ ತಾನೇ ಬರುತ್ತಿದ್ದಳು.

ಅವಳ ಕೆಲಸ ನನಗೂ ಬರುತ್ತದೆ. ಆದರೆ ಗೋಡೆ ಇರುವಷ್ಟು ದಿನ ನನ್ನನ್ನು ಕರೆಯಲು ಯಾರನ್ನೂ ಕಳಿಸಬೇಡಿ. ಕರೆದರೆ ಬಾರದೆ ಇರಲು ನನ್ನಿಂದಾಗದು. ಮನೆಯಲ್ಲಿ ನನಗೂ ಒಂದು ಕೂಸಿದೆ.

ಇಂತಿ,
ಸೂಲಗಿತ್ತಿಯ ಮಗಳು