ಚಹಾ ಬಣ್ಣದ ದೋಣಿ

ಸವೂಂಗಾ, ಸೇಂಟ್ ಲಾರೆನ್ಸ್ ದ್ವೀಪ
೧೯೮೬ ಅಕ್ಟೋಬರ್ ೯

ಪ್ರೀತಿಯ ಲೆನೋರಾ,

ಕಾಲಿನ ಬಾವು ಇಳಿಯಿತೇ? ರಕ್ತದೊತ್ತಡ ಏನೆನ್ನುತ್ತದೆ? ನೋಮ್‌ನ ಆಸ್ಪತ್ರೆಯ ಊಟ ಸಪ್ಪೆ ಎಂದು ನೀನು ಮುಖ ಸಿಂಡರಿಸುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಒಣಮೀನು, ಸೀಲ್ ಎಣ್ಣೆ ಕಳಿಸುತ್ತಿದ್ದೇನೆ. ಹೆರಿಗೆಗೆ ಕಾದಿರುವ ಬೇರೆ ಹೆಂಗಸರಿಗೆಲ್ಲ ಹಂಚಿ ನೀನು ಬರಿಗೈಯಲ್ಲಿ ಕೂರಬೇಡ. ಮಗು ಒದೆಯುತ್ತದೆಯೇ? ರಾತ್ರಿ ಎಡಮಗ್ಗುಲಿಗೇ ಮಲಗು ಎಂದು ನರ್ಸ್ ಹೇಳಿದ್ದು ನೆನಪಿರಲಿ.

ಇಲ್ಲಿ ಹಿಮ ಬಿದ್ದು ನೆಲ ಬೆಳ್ಳಗಾಗಿದೆ, ಕಡಲು ಇನ್ನೂ ಹೆಪ್ಪುಗಟ್ಟಿಲ್ಲ. ದೋಣಿಯ ಯಜಮಾನ ಎಲ್ಮರ್ ಮಾವ ದಿನ ಬಿಟ್ಟು ದಿನ ನಮ್ಮನ್ನು ಸೀಲ್ ಬೇಟೆಗೆ ಎಬ್ಬಿಸುತ್ತಾರೆ. ಹೊಸ ಮೋಟಾರು ಚೆನ್ನಾಗಿ ಓಡುತ್ತಿದೆ. 'ಇದು ನಿನಗಿಂತ ಕಡಿಮೆ ಗೊಣಗತ್ತೆ ಕಣೋ' ಎಂದು ಮಾವ ಮೊನ್ನೆಯವರೆಗೂ ಛೇಡಿಸುತ್ತಿದ್ದರು. ಆ ಮೋಟಾರಿನ ವಿಷಯವಾಗಿಯೇ ಈ ಪತ್ರ. ಅಂಗಡಿಯ ಫೋನಿನಲ್ಲಿ ಹೇಳೋಣವೆಂದರೆ ಬೆನ್ನ ಹಿಂದೆ ಜನ ಸಾಲುಗಟ್ಟಿ ನಿಂತಿರುತ್ತಾರೆ. ಅವರಿಲ್ಲದಿದ್ದರೂ ನನ್ನ ಬಾಯಿಂದ ಈ ಮಾತು ಬರುತ್ತಿರಲಿಲ್ಲ.

ಕುನೂಕಾ ಮಂಜುಗಡ್ಡೆಗಳ ನಡುವೆ ದೋಣಿಯೊಂದಿಗೆ ಮುಳುಗಿಹೋದಮೇಲೆ, ಅವನ ತಾಯಿ, ನಿನ್ನ ಚಿಕ್ಕಮ್ಮ, ನಾನು ಅತ್ತೆ ಎನ್ನುವವರು, ನಮ್ಮ ಮನೆಗೆ ಒಂದು ಹಳೆಯ ದಂತ ತಂದಿದ್ದು ನಿನಗೆ ಗೊತ್ತು. ಹಿಂದಿನ ಬೇಸಿಗೆಯಲ್ಲಿ ಅವನೇ ಕುಕುಲಿಕ್‌ನ ಹಳೆಯ ಊರಿನ ದಿಬ್ಬದಲ್ಲಿ ಅಗೆದು ತಂದದ್ದು ಅದು. ನಮ್ಮ ಹಿರಿಯರಲ್ಲಿ ಯಾರು ಹೊಡೆದ ವಾಲ್ರಸ್ಸೋ ಏನೋ, ಎಷ್ಟು ತಲೆಮಾರು ಮಣ್ಣಲ್ಲಿ ಮಲಗಿತ್ತೋ, ಕಡು ಚಹಾದ ಬಣ್ಣ ಒಳಗಿನ ತಿರುಳಿನವರೆಗೂ ಇಳಿದಿತ್ತು. ಮಗನ ದೇಹ ಸಿಗಲಿಲ್ಲ, ಹೂಳುವುದಕ್ಕೂ ಏನೂ ಇಲ್ಲ, ಇದರಲ್ಲಿ ಅವನ ದೋಣಿ ಮಾಡಿ ಅವನನ್ನು ಅದರಲ್ಲಿ ಕೂರಿಸಿಕೊಡು ಎಂದು ಅತ್ತೆ ಕೇಳಿಕೊಂಡರು. ನಾನು ಮನಸ್ಸಿಟ್ಟು ಕೆತ್ತಿದೆ, ಲೆನೋರಾ. ಅಷ್ಟು ಒಳ್ಳೆಯ ಕೆಲಸ ನನ್ನ ಕೈಯಿಂದ ಹಿಂದೆಂದೂ ಆಗಿರಲಿಲ್ಲ. ದೋಣಿಯ ಹೊಟ್ಟೆಗೆ ಬಿಗಿದ ಚರ್ಮದ ಹೊಲಿಗೆಯನ್ನು ಕೂದಲೆಳೆಯ ಗೆರೆಗಳಲ್ಲಿ ಕೊರೆದು ಮಸಿ ತುಂಬಿದ್ದೆ. ಕುನೂಕಾ ನಗುವಾಗ ಒಂದು ಪಕ್ಕಕ್ಕೆ ವಾಲುವ ತಲೆ ಕೂಡ ಹಾಗೇ ಬಂದಿತ್ತು.

ಜುಲೈಯಲ್ಲಿ ಸಿಯಾಟಲ್‌ನಿಂದ ಕೆತ್ತನೆ ಕೊಳ್ಳುವ ಹಾಲ್ವರ್ಸನ್ ಬಂದ. ನೀನು ಆಗ ಹಣ್ಣು ಆರಿಸಲು ಶಿಬಿರಕ್ಕೆ ಹೋಗಿದ್ದೆ. ಅವನ ಮನೆಯಲ್ಲಿ ಗಾಜಿನ ಕಪಾಟುಗಳ ತುಂಬ ನಮ್ಮ ಕಡೆಯ ಕೆತ್ತನೆಗಳೇ. ಹಿಂದಿನ ಕಾಲದ ತಿಮಿಂಗಿಲ ಹಡಗಿನ ನಾವಿಕರು ಚಿತ್ರ ಕೊರೆದ ದಂತಗಳೂ ಇವೆಯಂತೆ, ಫೋಟೋ ತೋರಿಸಿದ. ನನ್ನ ಮೇಜಿನ ಮೇಲಿನ ದೋಣಿ ಕಂಡದ್ದೇ ಫೋಟೋಗಳನ್ನು ಬದಿಗಿಟ್ಟ. ಅದು ಮಾರಾಟಕ್ಕಲ್ಲ ಎಂದೆ. ಅವನು ಒತ್ತಾಯ ಮಾಡಲಿಲ್ಲ, ಬೈಯಲಿಲ್ಲ, ಸುಮ್ಮನೆ ಮರುದಿನ ಮತ್ತೆ ಬಂದು ನೋಡುತ್ತಾ ಕೂತ. ಇಷ್ಟು ಹಳೆಯ ದಂತದಲ್ಲಿ ಇಷ್ಟು ಸೂಕ್ಷ್ಮವಾದ ಕೈ ತಾನು ಕಂಡಿಲ್ಲ ಎಂದ. ಆ ಮಾತಿಗೆ ನಾನು ಉಬ್ಬಿಹೋದೆ. ನಮ್ಮ ಬೇಟೆದೋಣಿಯ ಹಳೆಯ ಮೋಟಾರು ಸತ್ತುಹೋಗಿತ್ತು, ಮಗು ಬರಲಿತ್ತು, ಅದೆಲ್ಲ ನಿಜ. ಆದರೆ ನಿನ್ನ ಹತ್ತಿರ ಸುಳ್ಳೇಕೆ, ನನ್ನನ್ನು ಮೊದಲು ಕೆಡವಿದ್ದು ಆ ಹೊಗಳಿಕೆ. ಅವನು ಹೊಸ ಮೋಟಾರು ಕಳಿಸುವುದಾಗಿ ಮಾತು ಕೊಟ್ಟ. ನಾನು ದೋಣಿಯನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟೆ.

ಆಮೇಲೆ ನಮ್ಮ ವಸಂತದ ಬೇಟೆಯ ಬಿಳಿ ದಂತದಲ್ಲಿ ಇನ್ನೊಂದು ದೋಣಿ ಕೆತ್ತಿ, ಗಟ್ಟಿ ಚಹಾದಲ್ಲಿ ಕುದಿಸಿದೆ. ಶಿಬಿರದಿಂದ ಬಂದವಳು ಪಾತ್ರೆ ಯಾಕೆ ಹೀಗೆ ಕಪ್ಪು ಹಿಡಿದಿದೆ ಎಂದು ಕೇಳಿದೆಯಲ್ಲ, ಒಲೆಯ ಮೇಲೆ ಮರೆತೆ ಎಂದೆ. ಅದನ್ನು ಅತ್ತೆಯ ಕೈಗಿಟ್ಟ ದಿನ ನೀನೂ ಅಲ್ಲೇ ಇದ್ದೆ. ಅವರು ಅದನ್ನು ಕೆನ್ನೆಗೆ ಒತ್ತಿಕೊಂಡರು, ನೀನು ಕಣ್ಣೀರು ಹಾಕಿದೆ. ನಾನು ಆ ಹೊತ್ತಿಗೆ ಬಾಗಿಲ ತಿರುಗಣಿ ಸರಿಮಾಡುವ ನೆಪ ಹೂಡಿ ಎದ್ದುಹೋದೆ.

ನೀನು ಹೊರಟಮೇಲೆ ನಾನು ಅವರ ಮನೆಗೆ ನೀರು, ಒಲೆಗೆ ಎಣ್ಣೆ ಹಾಕಿ ಬರುತ್ತಿದ್ದೆ. ಅವರು ಕೂತಲ್ಲಿ ನಿಂತಲ್ಲಿ ಆ ದೋಣಿಯನ್ನು ಹೆಬ್ಬೆರಳಿನಿಂದ ಸವರುತ್ತಿರುತ್ತಿದ್ದರು. ಹೋದ ಭಾನುವಾರ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಾವೇ ನಮ್ಮ ಮನೆಗೆ ಬಂದರು. ಚಹಾ ಕೊಟ್ಟೆ, ನಿನ್ನ ಸುದ್ದಿ ಕೇಳಿದರು. ಆಮೇಲೆ ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು. ಬೆರಳಾಡಿದ ಜಾಗದಲ್ಲೆಲ್ಲ ಬಣ್ಣ ಹೋಗಿ ಕುನೂಕಾನ ಮುಖ, ಭುಜ ಬೆಳ್ಳಗೆ ಕಾಣುತ್ತಿತ್ತು. ಅವರು ಬಾಗಿಲು ಹಾಕಿದೆಯೇ ಎಂದು ಒಮ್ಮೆ ತಿರುಗಿ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು: 'ಇದಕ್ಕೆ ಇನ್ನೊಂದು ಸಲ ಬಣ್ಣ ಹಚ್ಚಿಕೊಡು ಕ್ಲಾರೆನ್ಸ್. ಮನೆಗೆ ಬಂದೋರು ಕೈಗೆ ತಗೊಂಡು ನೋಡ್ತಾರೆ. ನಿನ್ನ ಹೆಸರು ಕೆಡತ್ತೆ.'

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನ ಮಾನ ಮುಚ್ಚಲು ಆ ಗಾಳಿಯಲ್ಲಿ ಅಷ್ಟು ದೂರ ನಡೆದು ಬಂದಿದ್ದರು. ಇದು ಕುನೂಕಾ ತಂದ ದಂತ ಅಲ್ಲ ಅತ್ತೆ ಎಂದೆ. 'ಗೊತ್ತು ಕಣೋ. ಅದರಲ್ಲಿ ಉಗುರು ಸಿಗೋ ಅಷ್ಟು ಒಂದು ಬಿರುಕಿತ್ತು. ನೀನು ಕೊಟ್ಟ ದಿನವೇ ಹುಡುಕಿದೆ' ಎಂದರು. ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದೆ. ಚಹಾ ಊದಿ ಒಂದು ಗುಟುಕು ಕುಡಿದು, 'ಹೇಳಿದ್ರೆ ನೀನು ನಾಚಿಕೊಂಡು ನಮ್ಮನೆ ಕಡೆ ಬರೋದೇ ಬಿಟ್ಟುಬಿಡ್ತಿದ್ದೆ. ಅವನಂತೂ ಬರಲ್ಲ. ನೀನೂ ಬರದಿದ್ರೆ ನಾನು ಯಾರ ದಾರಿ ನೋಡಲಿ' ಎಂದರು.

ನಾನು ಬಣ್ಣ ಹಚ್ಚಲಿಲ್ಲ. ಅವರೆದುರಿಗೇ ಬಿಸಿನೀರು, ಸೋಪು ಹಾಕಿ, ಸಾಣೆಕಲ್ಲಿನಿಂದ ಉಜ್ಜಿ, ಉಳಿದದ್ದನ್ನೂ ಬಿಳಿ ಮಾಡಿ ಕೊಟ್ಟೆ. ಉಜ್ಜುವಾಗ ಅತ್ತೆಯೇ ದೀಪ ಹತ್ತಿರ ಹಿಡಿದರು. ಮರುದಿನ ಹಾಲ್ವರ್ಸನ್‌ಗೆ ಫೋನ್ ಮಾಡಿ, ಮೋಟಾರು ತಿರುಗಿ ಕಳಿಸುತ್ತೇನೆ, ದೋಣಿ ಕೊಡು ಎಂದು ಬೇಡಿದೆ. ಯಾರ ದೋಣಿ ಎಂಬುದನ್ನೂ ಹೇಳಿದೆ. ಪಾಪ ಎಂದ, ನನಗೆ ತಿಳಿದಿರಲಿಲ್ಲ ಎಂದ, ಆದರೆ ಕೊಡಲಾರೆ ಎಂದ. ಅದರ ಹಿಂದೆ ಇಂಥ ಕಥೆಯಿದ್ದರೆ ತನಗೆ ಅದರ ಬೆಲೆ ಇನ್ನೂ ಹೆಚ್ಚು ಎಂದುಬಿಟ್ಟ. ಬೇಕಾದರೆ ಫೋಟೋ ಕಳಿಸುತ್ತಾನಂತೆ. ಫೋನಿಟ್ಟು ತಿರುಗಿದರೆ ಹಿಂದೆ ನಿಂತವರೆಲ್ಲ ಬ್ರೆಡ್ಡಿನ ಕಪಾಟು ನೋಡುತ್ತಿದ್ದರು.

ಹೇಗೂ ಊರಿಗೆ ತಿಳಿಯುತ್ತದೆಂದು ಮಂಗಳವಾರ ಬೇಟೆಗೆ ಹೋದಾಗ ದೋಣಿಯಲ್ಲಿ ನಾನೇ ಎಲ್ಮರ್ ಮಾವನಿಗೂ ಉಳಿದವರಿಗೂ ಹೇಳಿದೆ. ಚಹಾ ಹಂಚುವಾಗ ನನಗೂ ಲೋಟ ಬಂತು, ಮಾಂಸ ಹಂಚುವಾಗ ಪಾಲೂ ಬಂತು. ಆದರೆ ಸಂಜೆಯವರೆಗೆ ಒಬ್ಬರಾದರೂ ನನ್ನನ್ನು ಛೇಡಿಸಲಿಲ್ಲ. ನಮ್ಮ ದೋಣಿಯಲ್ಲಿ ಛೇಡಿಸುವುದು ತಮ್ಮವನನ್ನು ಮಾತ್ರ ಎಂದು ನೀನು ಬಲ್ಲೆ. ಈ ಮೋಟಾರು ಇರುವವರೆಗೆ ಮೊದಲ ಪಾಲು ಅತ್ತೆಯ ಮನೆಗೆ ಎಂದು ಹೇಳಿ ಇಳಿದೆ. ಅದರಿಂದ ಏನೂ ಸರಿಹೋಗಿಲ್ಲ. ಆ ದೋಣಿಯನ್ನು ಕಂಡು ನೀನು ಸುರಿಸಿದ ಕಣ್ಣೀರನ್ನೂ ನಾನು ಮೋಸದಿಂದ ಪಡೆದೆ. ಅದಕ್ಕೆ ಏನು ಮಾಡಲಿ ಎಂದು ತಿಳಿಯುತ್ತಿಲ್ಲ. ಸಿಟ್ಟು ಬಂದರೆ ಬರಲಿ, ಮಗುವಿಗಾಗಿ ಊಟ ಮಾತ್ರ ಬಿಡಬೇಡ.

ನಿನ್ನ ಜೊತೆಯಿರುವ ಹೆಂಗಸರಿಗೆಲ್ಲ ನನ್ನ ನೆನಪು ಹೇಳು. ಸುಖವಾಗಿ ಹೆತ್ತು ಇಬ್ಬರಾಗಿ ಮನೆಗೆ ಬಾ.

ನಿನ್ನ
ಕ್ಲಾರೆನ್ಸ್

ಮರೆತ ಮಾತು: ವಿಮಾನದ ಸದ್ದು ಕೇಳುತ್ತಿದೆ. ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ, ಅತ್ತೆಯ ಕೈಯಲ್ಲೇ ಬರುತ್ತದೆ. ಹೆರಿಗೆಗೆ ನಿನ್ನ ಜೊತೆ ಇರುತ್ತೇನೆಂದು ಹೊರಟು ನಿಂತಿದ್ದಾರೆ. ಈಗ ತಾನೇ ಬೂಟು ಹಾಕಿಕೊಳ್ಳುತ್ತಾ, ಹೆಣ್ಣೋ ಗಂಡೋ ಯಾವುದಾದರೂ ಸರಿ, ಮಗುವಿಗೆ ಕುನೂಕಾ ಎಂದು ಹೆಸರಿಡುತ್ತೀರಾ ಎಂದು ಕೇಳಿದರು. ನಮ್ಮಲ್ಲಿ ಹೋದವರ ಹೆಸರು ಕೊಡುವುದೆಂದರೆ ಏನೆಂದು ನಿನಗೆ ಹೇಳಬೇಕಿಲ್ಲ. ಹಾಗೆ ಇಟ್ಟರೆ ಅವನೇ ಮರಳಿ ಬಂದಂತೆ, ಇನ್ನು ಅವರು ಆ ಮಗುವನ್ನು ಮಗನೇ ಎಂದು ಕರೆಯುತ್ತಾರೆ. ಅಂಥ ಮಗುವಿಗೆ ಅಪ್ಪನಾಗು ಎಂದು ಇಡೀ ಊರಲ್ಲಿ ಅವರು ಕೇಳಿದ್ದು ನನ್ನನ್ನು. ಹೂಂ ಎನ್ನಲು ನನಗೆ ಬಾಯಿ ಬರಲಿಲ್ಲ, ಲೆನೋರಾಳನ್ನು ಕೇಳಿ ಎಂದುಬಿಟ್ಟೆ. ನೀನು ಇದನ್ನು ಓದಿ ಮುಗಿಸುವ ಹೊತ್ತಿಗೆ ಅವರು ನಿನ್ನ ಎದುರಿಗೇ ಕೂತಿರುತ್ತಾರೆ. ಅವರನ್ನು ಕಾಯಿಸಬೇಡ.