ತಮ್ಮನ ಹೊಲದ ಹಸಿರು

ಮಾರ್ಚ್ ೧೪, ಗುರುವಾರ

ತಮ್ಮನ ಚಿತ್ರಕ್ಕೆ ನನ್ನ ಬ್ರಷ್ಷು ತಗುಲಿಬಿಟ್ಟಿತು. ಸಂಜೆಯಿಂದ ಬೇರೇನೂ ತಲೆಗೆ ಹತ್ತುತ್ತಿಲ್ಲ.

ಅವನು ಹೋಗಿ ಐದು ತಿಂಗಳು. ಅವನು ಬರೆದ ಈ ಹೊಲ, ಕಾಲುದಾರಿಯ ಚಿತ್ರ ಭಾನುವಾರ ಅವನ ಮಗಳ ಮನೆಗೆ ಹೋಗುತ್ತದೆ. ಅಷ್ಟರೊಳಗೆ ನನ್ನ ಗೋಡೆಗೊಂದು ನಕಲು ಬೇಕೆಂದೇ ಈ ವಯಸ್ಸಿನಲ್ಲಿ ಎಣ್ಣೆಬಣ್ಣ ಕಲಿಯಲು ಕೂತದ್ದು. ಅವನಿದ್ದಿದ್ದರೆ, "ಅಕ್ಕ, ನೀನು ಗೋಡೆಗೆ ಸುಣ್ಣ ಹೊಡಿ ಸಾಕು" ಅನ್ನುತ್ತಿದ್ದ.

ತಿಂಗಳಾದರೂ ಆ ಹೊಲದ ಹಸಿರು ಕೂಡಿಬಂದಿಲ್ಲ. ಚಿತ್ರದ ಮೇಲೆ ಗಾಜಿಟ್ಟು, ಗಾಜಿಗೆ ಬಣ್ಣ ಹಚ್ಚಿ ಹೋಲಿಸಿ ನೋಡಬೇಕೆಂದು ಚಿತ್ರಕಲೆಯ ಮೇಷ್ಟ್ರು ಕಲಿಸಿದ್ದರು. ಇವತ್ತು ಗಾಜನ್ನು ಒರೆಸಲು ತೆಗೆದವಳು ತಿರುಗಿ ಇಡಲು ಮರೆತು, ಬಣ್ಣದ ಬ್ರಷ್ಷನ್ನು ನೇರ ಅವನ ಹೊಲಕ್ಕೇ ಒತ್ತಿದೆ.

ಮೇಷ್ಟ್ರಿಗೆ ಫೋನ್ ಮಾಡಿದೆ. "ಹಸಿ ಇರುವಾಗಲೇ ಒಣಬಟ್ಟೆಯಿಂದ ಒತ್ತಿ ತೆಗೀರಿ ಅಕ್ಕಾ. ಟರ್ಪೆಂಟೈನ್ ಮಾತ್ರ ಬೇಡ, ನಿಮ್ಮ ತಮ್ಮನ ಬಣ್ಣಾನೂ ಎದ್ದು ಬರುತ್ತೆ."

ಬಟ್ಟೆ ಹಿಡಿದು ಹೋದರೆ ಎಲ್ಲಿ ಒತ್ತಿದ್ದೆನೆಂದೇ ಕಾಣದು. ದೀಪ ಹತ್ತಿರ ತಂದೆ, ಕನ್ನಡಕ ಒರೆಸಿಕೊಂಡೆ. ವಾರ್ನಿಷ್ ಹೊಳಪಿನಲ್ಲಿ ಹೊಲವೆಲ್ಲ ಒಂದೇ ಹಸಿರು. ಬೆರಳಿಟ್ಟು ಹುಡುಕಲು ಧೈರ್ಯ ಬರಲಿಲ್ಲ. ಅವನ ಮಗಳಿಗೆ ಏನಂತ ಹೇಳಲಿ?

ಮತ್ತೆ ಫೋನ್ ಮಾಡಿದೆ. ಒತ್ತಿದ ಜಾಗವೇ ಕಾಣುತ್ತಿಲ್ಲವೆಂದೆ.

"ಹಾಗಾದ್ರೆ ನಿಮ್ಮ ತಮ್ಮನ ಹಸಿರೇ ಸಿಕ್ಕಿತಲ್ಲ ಅಕ್ಕಾ. ಏನೇನು ಬೆರೆಸಿದ್ರಿ?"

ಗಾಬರಿಯಲ್ಲಿ ಬಣ್ಣ ಬೆರೆಸಿದ ಹಲಗೆಯನ್ನೆಲ್ಲ ಆಗಲೇ ಒರೆಸಿಹಾಕಿದ್ದೆ. ಹಳದಿ ಇತ್ತು, ಅದು ಖಂಡಿತ. ನೀಲಿ ಸ್ವಲ್ಪವೇ. ಕಂದು ಹಾಕಿದ್ದು ಇವತ್ತೋ, ನಿನ್ನೆಯೋ, ನೆನಪಾಗುತ್ತಿಲ್ಲ.